ತಮ್ಮನ ಲಿನಕ್ಸು, ಅಜ್ಜನ ಫೈಲು

ಮೂಡಿಗೆರೆಯಲ್ಲಿ ಚಿಕ್ಕಪ್ಪನ ಮಗ ಹಳೇ ಲ್ಯಾಪ್‌ಟಾಪಿಗೆ ಮೊದಲ ಸಲ ಉಬುಂಟು ಹಾಕಿದ್ದ. ವೈಫೈ ಹಿಡಿಯಲಿಲ್ಲ. ಮೊಬೈಲಿಗೆ ಕೇಬಲ್ ಸಿಕ್ಕಿಸಿ ನೆಟ್ ಕೊಟ್ಟು, ಡ್ರೈವರ್ ಇಳಿಸಿಕೊಂಡೆವು. ಅದು ಸರಿಯಾಯ್ತು ಅನ್ನುವಷ್ಟರಲ್ಲಿ, 'ಅಣ್ಣಾ, ಅಜ್ಜನ ಫೈಲು ಹೋಯ್ತು!' ಅಂದ. ತೀರಿಕೊಂಡ ಅಜ್ಜ ತೋಟದ ಬಗ್ಗೆ ಹೇಳಿ ಟೈಪ್ ಮಾಡಿಸಿದ್ದ ಪುಟಗಳು. ಪೆನ್‌ಡ್ರೈವಿನಿಂದ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ತಪ್ಪು ತಮ್ಮನದಲ್ಲ, ಲಿನಕ್ಸಿನದೂ ಅಲ್ಲ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ್ದು 1991ರಲ್ಲಿ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ, ಅದರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಮ್ಮ ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ಹಾಕುವ ಫಾಂಟು ಬಳಸಿದವು. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಇದೇ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಕನ್ನಡ ತಂತ್ರಾಂಶಕ್ಕಾಗಿ ಯಾಕೆ ಅಷ್ಟು ತಲೆ ಕೆಡಿಸಿಕೊಂಡಿದ್ದರು ಅಂತ ಆವತ್ತು ಅರ್ಥವಾಯ್ತು.

ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿದೆವು. ಕೆಲವು ಒತ್ತಕ್ಷರ ಕೆಟ್ಟಿದ್ದವು, ಕೂತು ತಿದ್ದಿದೆವು. ಚಿಕ್ಕಪ್ಪ ಬಂದು ಮೊದಲ ಪುಟ ಜೋರಾಗಿ ಓದಿದರು, ಎರಡನೇದನ್ನು ಓದಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಫೈಲಿದ್ದರೆ, ಲಿನಕ್ಸ್ ಹಾಕುವ ಮೊದಲು ಒಮ್ಮೆ ತೆರೆದು ನೋಡಿ.