ಚುಚ್ಚುಮದ್ದಿನ ಮೂಲಕ ಮಾದಕ ವಸ್ತು ಬಳಸುವವರಿಗೆ ಹೆಚ್.ಐ.ವಿ. ತಡೆ ಸೇವೆಗಳು – ಮೈಸೂರು

ಸಾರ್ವಜನಿಕರ ಮಾಹಿತಿಗಾಗಿ

ಒಬ್ಬರು ಬಳಸಿದ ಸೂಜಿ ಅಥವಾ ಸಿರಿಂಜನ್ನು ಮತ್ತೊಬ್ಬರು ಬಳಸಿದಲ್ಲಿ ಹೆಚ್.ಐ.ವಿ. ಸೋಂಕು ನೇರವಾಗಿ ರಕ್ತಕ್ಕೆ ಸೇರುತ್ತದೆ. ಹೆಪಟೈಟಿಸ್-ಸಿ ಸೋಂಕು ಹತ್ತಿ, ಚಮಚ ಹಾಗೂ ನೀರನ್ನು ಹಂಚಿಕೊಳ್ಳುವುದರಿಂದಲೂ ಹರಡಬಹುದಾಗಿರುತ್ತದೆ. ಕರ್ನಾಟಕದಲ್ಲಿ ಹೆಚ್.ಐ.ವಿ. ಬಹುಪಾಲು ಲೈಂಗಿಕ ಸಂಪರ್ಕದಿಂದ ಹರಡಿದ ಕಾರಣ ಸೂಜಿ ಬಳಕೆದಾರರು ಗಮನಕ್ಕೆ ಬಾರದೆ ಉಳಿಯುವ ಸಂಭವ ಹೆಚ್ಚು.

ಸೇವೆ ಪಡೆಯಲು ವ್ಯಸನವನ್ನು ಮೊದಲು ಬಿಟ್ಟಿರಬೇಕೆಂಬ ನಿಬಂಧನೆ ಇರುವುದಿಲ್ಲ. ಹೀಗೆ ತಪ್ಪಾಗಿ ತಿಳಿದು ಅನೇಕರು ಪರೀಕ್ಷೆಗೆ ಬರುವುದೇ ಇಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಹೊಸ ಸೂಜಿ-ಸಿರಿಂಜ್ ನೀಡಿ ಹಳೆಯದನ್ನು ಹಿಂಪಡೆಯುವುದು, ಅಫೀಮು ವರ್ಗದ ವ್ಯಸನಕ್ಕೆ ಬದಲಿಯಾಗಿ ವೈದ್ಯರ ನಿಗಾದಲ್ಲಿ ಬ್ಯುಪ್ರಿನಾರ್ಫಿನ್ ಮಾತ್ರೆ ನೀಡುವುದು, ಕಾಂಡೋಮ್ ವಿತರಣೆ ಹಾಗೂ ಪರೀಕ್ಷೆ ಸೇರಿರುತ್ತವೆ.

ಪೊಲೀಸರ ಭಯ ಸಹಜವಾದುದು. 1985ರ ಮಾದಕ ವಸ್ತುಗಳ ಕಾಯ್ದೆಯಡಿ ಸೇವನೆಯು ಅಪರಾಧವೇ ಆಗಿದೆ. ಆದರೆ 10-09-2018ರಿಂದ ಜಾರಿಯಲ್ಲಿರುವ ಹೆಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ, 2017ರ 22ನೇ ಕಲಮಿನನ್ವಯ, ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಸೂಜಿ ನೀಡುವುದಾಗಲೀ, ಬದಲಾಯಿಸಿಕೊಳ್ಳುವುದಾಗಲೀ ಅಪರಾಧವಾಗುವುದಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ದಾಖಲಾದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ 1985ರ ಕಾಯ್ದೆಯ 64-ಎ ಕಲಮಿನಡಿ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದಾಗಿರುತ್ತದೆ.

ಕಾರ್ಯಕ್ರಮ ರೂಪಿಸುವ ಸಂಸ್ಥೆಗಳು ಮೊದಲು ಬಳಕೆದಾರರು ಎಲ್ಲಿ, ಯಾವ ಹೊತ್ತಿನಲ್ಲಿ ಸೇರುತ್ತಾರೆಂಬುದನ್ನು ಅವರಿಂದಲೇ ತಿಳಿಯತಕ್ಕದ್ದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಮುನ್ನಡೆಸುವ ಆಶೋದಯ ಸಮಿತಿಯ ಅನುಭವವು ಇದಕ್ಕೆ ಮಾದರಿಯಾಗಿದೆ: ಸಮುದಾಯದವರೇ ಕರೆತಂದಾಗ ಜನರು ಕೇಂದ್ರಕ್ಕೆ ಬರುತ್ತಾರೆ. ಕಚೇರಿ ವೇಳೆಗೆ ಮಾತ್ರ ತೆರೆಯುವ ಕೇಂದ್ರದಿಂದ ಇವರಿಗೆ ಹೆಚ್ಚಿನ ಪ್ರಯೋಜನವಾಗದು.

ಪರೀಕ್ಷೆಯನ್ನು ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ, ವ್ಯಕ್ತಿಯ ಸಮ್ಮತಿ ಪಡೆದು ನಡೆಸಲಾಗುತ್ತದೆ. ಫಲಿತಾಂಶವನ್ನು ಗೌಪ್ಯವಾಗಿಡಲಾಗುವುದು. ಸೋಂಕು ಕಂಡುಬಂದಲ್ಲಿ ನಗರದ ಕೆ.ಆರ್. ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಉಚಿತ ಔಷಧಿ ಲಭ್ಯವಿರುತ್ತದೆ, 2017ರಿಂದ ಸಿ.ಡಿ.-4 ಎಣಿಕೆ ಕಡಿಮೆಯಾಗುವವರೆಗೆ ಕಾಯಬೇಕಾಗಿಲ್ಲ. ಪರೀಕ್ಷೆಗೆ ಹೋದಾಗ ಹೆಪಟೈಟಿಸ್-ಸಿ ಪರೀಕ್ಷೆಯ ಬಗ್ಗೆಯೂ ಕೇಳತಕ್ಕದ್ದು; ಅದಕ್ಕೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆ ಇದೆ.

ಚಿಕಿತ್ಸೆ ನಿರಾಕರಿಸಿದಲ್ಲಿ ಆಸ್ಪತ್ರೆಯ ದೂರು ಅಧಿಕಾರಿಗೆ ಅಥವಾ 2017ರ ಕಾಯ್ದೆಯಡಿಯ ಒಂಬುಡ್ಸ್‌ಮನ್‌ಗೆ ಬರಹದಲ್ಲಿ ದೂರು ಸಲ್ಲಿಸಬಹುದು. ಸಮೀಪದ ಕೇಂದ್ರದ ವಿವರಕ್ಕೆ ಉಚಿತ ಸಹಾಯವಾಣಿ 1097ಕ್ಕೂ, ವ್ಯಸನಮುಕ್ತಿ ಸಲಹೆಗೆ 14446ಕ್ಕೂ ಕರೆ ಮಾಡಬಹುದು.