ಹಗೇವಿನ ಗಾಳಿ, ಗಣಿಯ ಗಾಳಿ: ಹಾಲ್ಡೇನ್ ಪಂಡಿತರ ಕಥೆ



ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಯಲುಸೀಮೆಯ ಒಂದು ಹಳ್ಳಿಗೆ ಹಗೇವು ತೆಗೆಯುವುದನ್ನು ನೋಡಲು ಹೋಗಿದ್ದೆ. ಆ ಊರಲ್ಲಿ ಬಳಕೆಗೆ ಉಳಿದಿದ್ದದ್ದು ಅದೊಂದೇ. ಬಾಯಿಯ ಮಣ್ಣು ಸರಿಸಿ ಮುಚ್ಚಿದ ಕಲ್ಲು ಎತ್ತಿದರು. ಡಿಪ್ಲೊಮಾ ಮುಗಿಸಿ ಬಂದ ಹುಮ್ಮಸ್ಸು ನನ್ನದು. ಜೋಳಕ್ಕೆ ಹುಳು ಬಿದ್ದಿದೆಯೋ ಇಲ್ಲವೋ ನೋಡೋಣ ಅಂತ ಇಳಿಯುವುದಕ್ಕೆ ಕಾಲಿಟ್ಟೆ. ಮನೆಯ ಹಿರಿಯರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಯಾಕ್ರೀ ಅಜ್ಜಾರ?" ಅಂದೆ.

"ತಡೀರಿ ಸಾಹೇಬ್ರ. ಮೊದಲು ದೀಪ ಇಳೀಲಿ. ದೀಪ ಆರಿದಲ್ಲೆ ಜೀವಾನೂ ಆರತೈತ್ರಿ" ಅಂದರು.

ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಒಂದಾಳುದ್ದ ಇಳಿಯುವಷ್ಟರಲ್ಲಿ ಅದು ಸಣ್ಣಗಾಗಿ ನಂದಿಹೋಯಿತು. ಆ ದಿನ ಯಾರೂ ಇಳಿಯಲಿಲ್ಲ. ಬಾಯಿ ತೆರೆದಿಟ್ಟು ಎಲ್ಲರೂ ಮನೆಗೆ ಹೋದೆವು.

ದೀಪ ಏಕೆ ನಂದಿತು? ಜೋಳದ ಕಾಳು ಕಲ್ಲಿನ ಚೂರಲ್ಲ, ಜೀವ ಇರುವ ವಸ್ತು. ಅದೂ ಉಸಿರಾಡುತ್ತದೆ. ಕಾಳಿನಲ್ಲಿ ಸೇರಿಕೊಂಡ ಹುಳುವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹೀಗೆ ನಡೆದರೆ ಅಲ್ಲಿದ್ದ ಆಮ್ಲಜನಕ ಖರ್ಚಾಗಿ ಇಂಗಾಲಾಮ್ಲ ಅನಿಲ ತುಂಬಿಕೊಳ್ಳುತ್ತದೆ. ಹಗೇವಿನಲ್ಲಿ ಕಾಳು ಕೆಡದೆ ಉಳಿಯುವ ಗುಟ್ಟೇ ಇದು. ಆ ಗಾಳಿಯಲ್ಲಿ ಹುಳು ಬದುಕಲಾರದು. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೆ?

ನಮ್ಮ ಅಜ್ಜಂದಿರು ಅನುಭವದಿಂದ ತಿಳಿದ ಈ ಮಾತನ್ನು ಅಳೆದು ನೋಡಿದ ತಂದೆ ಮಕ್ಕಳಿಬ್ಬರು ದೂರದ ಬ್ರಿಟನ್ನಿನಲ್ಲಿದ್ದರು. ಇಂದು ಅವರ ಕಥೆ ಹೇಳಬೇಕೆಂದಿದ್ದೇನೆ. ಮಗನಾದ ಜೆ. ಬಿ. ಎಸ್. ಹಾಲ್ಡೇನ್ ಕೊನೆಗೆ ನಮ್ಮ ದೇಶಕ್ಕೇ ಬಂದು, ನಮ್ಮವರೇ ಆಗಿ, ಇಲ್ಲೇ ಕಣ್ಣು ಮುಚ್ಚಿದವರು.

ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಷಯದಲ್ಲಿ ದೊಡ್ಡ ಪಂಡಿತರು. ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾದಾಗ ಕೂಲಿಗಳು ಸಾಯುವುದು ಹೆಚ್ಚಾಗಿ ಬೆಂಕಿಯಿಂದಲ್ಲ, ಆಮೇಲೆ ಹರಡುವ ಮೋನಾಕ್ಸೈಡ್ ಎಂಬ ವಿಷಗಾಳಿಯಿಂದ ಎಂದು 1896ರಲ್ಲಿ ತೋರಿಸಿಕೊಟ್ಟರು. ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದೀಪವೂ ಆರುವುದಿಲ್ಲ. ಅದಕ್ಕಾಗಿ ಸಣ್ಣ ಪ್ರಾಣಿಯನ್ನೋ ಪುಟ್ಟ ಕೆನರಿ ಹಕ್ಕಿಯನ್ನೋ ಜೊತೆಗೆ ಒಯ್ಯಿರಿ ಎಂದರು. ಹಕ್ಕಿ ಮನುಷ್ಯನಿಗಿಂತ ಮುಂಚೆಯೇ ಕಡ್ಡಿಯಿಂದ ಕೆಳಗೆ ಬೀಳುತ್ತದೆ. ಓಡಿಹೋಗಲು ಅಷ್ಟು ಹೊತ್ತು ಸಿಕ್ಕರೆ ಸಾಕು.

ತಾಯಂದಿರು ಒಂದು ಮಾತು ಕೇಳಿಕೊಳ್ಳಬೇಕು. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಭದ್ರಪಡಿಸಿ ಕೆಂಡದ ಅಗ್ಗಿಷ್ಟಿಕೆ ಇಡುತ್ತೀರಲ್ಲ, ಅಲ್ಲಿ ಹುಟ್ಟುವುದೂ ಇದೇ ಗಾಳಿ. ತಲೆನೋವು ಬಂತು, ನಿದ್ದೆ ಬಂತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಕೋಣೆ ಬೆಚ್ಚಗಾದ ಮೇಲೆ ಕೆಂಡವನ್ನು ಹೊರಗೆ ಇಡಿ. ಗಾಳಿಗೂ ದಾರಿ ಬಿಡಿ.

ಇನ್ನು ಮಗನ ಸಂಗತಿ. ಹುಟ್ಟಿದ್ದು 1892ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಹುಡುಗನಾಗಿದ್ದಾಗಲೇ ತಂದೆಯ ಜೊತೆ ಗಣಿಗೆ ಇಳಿಯುತ್ತಿದ್ದ. ಒಮ್ಮೆ ಸ್ಟಾಫರ್ಡ್‌ಷೈರಿನ ಗಣಿಯೊಂದರಲ್ಲಿ ಮೇಲ್ಗಡೆ ಗಣಿಗಾಳಿ ತುಂಬಿದ್ದ ಜಾಗಕ್ಕೆ ಕರೆದೊಯ್ದು ತಂದೆ, "ಎದ್ದು ನಿಂತು ಷೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸು" ಅಂದರಂತೆ. ಹುಡುಗ ಶುರುಮಾಡಿದ. ನಾಲ್ಕು ಸಾಲು ಆಗುವಷ್ಟರಲ್ಲಿ ಏದುಸಿರು ಬಂದು, ಕಾಲು ಸೋತು, ಧೊಪ್ಪೆಂದು ನೆಲಕ್ಕೆ ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿತ್ತು, ಚೇತರಿಸಿಕೊಂಡ. ಗಣಿಯ ಮೀಥೇನ್ ಗಾಳಿಗಿಂತ ಹಗುರ, ಚಾವಣಿಗೆ ಏರಿ ನಿಲ್ಲುತ್ತದೆ ಎಂಬ ಪಾಠ ಅವನಿಗೆ ಜನ್ಮಪೂರ್ತಿ ಮರೆಯಲಿಲ್ಲ. ಮಗನಿಗೆ ಹೀಗೆ ಪಾಠ ಹೇಳುವ ತಂದೆಯನ್ನು ಕಂಡರೆ ನಮ್ಮ ಮನೆಯ ಹೆಂಗಸರು ಸುಮ್ಮನೆ ಬಿಡುತ್ತಿದ್ದರೆ? ನನಗಂತೂ ಅನುಮಾನ.

ನಮ್ಮ ಹಗೇವು, ಹಾಳುಬಾವಿಗಳಲ್ಲಿ ಸಂಗತಿ ತಿರುಗಾಮುರುಗ. ಅಲ್ಲಿ ಕೂಡಿಕೊಳ್ಳುವ ಇಂಗಾಲಾಮ್ಲ ಅನಿಲ ಗಾಳಿಗಿಂತ ಭಾರ, ತಳ ಹಿಡಿದು ಕೂರುತ್ತದೆ. ಅಲ್ಲಿ ಬಿದ್ದವನಿಗೆ ಒಳ್ಳೆಯ ಗಾಳಿ ಸಿಗುವುದಿಲ್ಲ. ಬಿದ್ದಷ್ಟೂ ಕೆಟ್ಟ ಗಾಳಿಗೇ ಬಿದ್ದಂತೆ. ಇದಕ್ಕೇ ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಒಂದೇ ಮನೆಯ ಮೂವರು ಹೋದ ಸುದ್ದಿ ಕೇಳುತ್ತೇವೆ. ಒಳಗೆ ಬಿದ್ದವನು ತಮ್ಮನಾದರೂ ಸರಿ, ಮಗನಾದರೂ ಸರಿ, ಹಿಂದೆಯೇ ಹಾರಬೇಡಿ. ಅಗ್ನಿಶಾಮಕ ದಳದವರಿಗೆ ಹೇಳಿ ಕಳಿಸಿ. ಇಳಿಯುವವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಬಹುದು.

ಅಜ್ಜನವರ ದೀಪದ ಪರೀಕ್ಷೆಗೆ ಒಳ್ಳೆಯ ಕಾರಣವಿದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ. ಅದು 16-17ಕ್ಕೆ ಇಳಿದರೆ ದೀಪ ಆರುತ್ತದೆ. ಆಗ ಮನುಷ್ಯನಿಗೆ ಇನ್ನೂ ಜ್ಞಾನ ಇರುತ್ತದೆ. ದೀಪ ನಮಗಿಂತ ಮೊದಲು ಸೋಲುತ್ತದೆ ಅಂತಾಯಿತು. ಹಾಗೆಂದು ದೀಪ ಉರಿದ ಕಡೆಯೆಲ್ಲ ಕ್ಷೇಮ ಅಂತ ತಿಳಿಯಬೇಡಿ, ಮೋನಾಕ್ಸೈಡಿನ ಮಾತು ಈಗತಾನೇ ಹೇಳಿದೆ. ಗೋಬರ್ ಗ್ಯಾಸಿನ ತೊಟ್ಟಿಗೆ, ಕಕ್ಕಸು ಗುಂಡಿಗೆ ಬೆಂಕಿ ಒಯ್ದರೆ ಸ್ಫೋಟವೇ ಆದೀತು. ಅಂಥ ಗುಂಡಿಗೆ ದೀಪವನ್ನೂ ಇಳಿಸಬಾರದು, ಮನುಷ್ಯರನ್ನೂ ಇಳಿಸಬಾರದು.

ಮಗ ಹಾಲ್ಡೇನ್ ದೊಡ್ಡವರಾದ ಮೇಲೆ ಜೀವಶಾಸ್ತ್ರದ, ಅದರಲ್ಲೂ ವಂಶಗುಣಗಳ ವಿದ್ಯೆಯಲ್ಲಿ ಹೆಸರು ಮಾಡಿದರು. ಆದರೆ ತಂದೆ ಕಲಿಸಿದ ಚಾಳಿ ಹೋಗಲಿಲ್ಲ. ರಕ್ತದಲ್ಲಿ ಹುಳಿ ಹೆಚ್ಚಾದರೆ ಮೈಗೆ ಏನಾಗುತ್ತದೆ ತಿಳಿಯಲು ತಾವೇ ನವಸಾಗರವನ್ನು ನೀರಿಗೆ ಹಾಕಿಕೊಂಡು ಕುಡಿದರು, ದಿನಗಟ್ಟಲೆ ಏದುಸಿರುಬಿಟ್ಟರು. ಮೊಲಕ್ಕೆ ತಲೆನೋವು ಬಂದರೆ ಅದು ಬಾಯಿಬಿಟ್ಟು ಹೇಳೀತೆ? ಅದಕ್ಕೆ ತಾವೇ ಮೊಲವಾದರು. (ನೀವು ಯಾರೂ ಇದನ್ನು ಮಾಡಿ ನೋಡಬೇಡಿ.)

1939ರ ಜೂನ್ 1ರಂದು ಥೆಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಹಡಗು ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿ 99 ಜನ ಸತ್ತರು. ಅವರಲ್ಲಿ ಅನೇಕರು ಹಡಗುಕಟ್ಟೆಯ ಕೆಲಸಗಾರರು. ಕಾರ್ಮಿಕ ಸಂಘದವರು ಹಾಲ್ಡೇನರ ಬಳಿ ಬಂದು, ಒಳಗಿದ್ದವರಿಗೆ ಏನಾಯಿತು ತಿಳಿಸಿಕೊಡಿ ಎಂದು ಕೇಳಿದರು. ಅವರು ನಾಲ್ಕು ಜನ ಜೊತೆಗಾರರೊಂದಿಗೆ ಉಕ್ಕಿನ ಕೋಣೆಯೊಳಗೆ ಬಾಗಿಲು ಹಾಕಿಸಿಕೊಂಡು ಹದಿನಾಲ್ಕು ಗಂಟೆಗೂ ಮಿಕ್ಕಿ ಕುಳಿತರು. ತಮ್ಮ ಉಸಿರಿನ ಇಂಗಾಲಾಮ್ಲವೇ ಕೋಣೆಯಲ್ಲಿ ತುಂಬಿ ತಲೆ ಸಿಡಿಯತೊಡಗಿತು. ನಮ್ಮ ಹಗೇವಿನ ಗಾಳಿಯೇ ನೋಡಿ, ಬೇರೆಯಲ್ಲ.

ಇಷ್ಟು ಕಷ್ಟಪಟ್ಟು ತಿಳಿದದ್ದನ್ನು ವಿದ್ವಾಂಸರ ಪತ್ರಿಕೆಯಲ್ಲೇ ಮುಚ್ಚಿಡಲಿಲ್ಲ. 1937ರಿಂದ 1950ರವರೆಗೆ ಲಂಡನ್ನಿನ 'ಡೈಲಿ ವರ್ಕರ್' ಎಂಬ ಪತ್ರಿಕೆಯಲ್ಲಿ ಕೂಲಿಕಾರರಿಗೆಂದೇ ಮುನ್ನೂರಕ್ಕೂ ಮೇಲೆ ಲೇಖನ ಬರೆದರು. ಓದುವವನಿಗೆ ಗೊತ್ತಿರುವ ಸಂಗತಿಯಿಂದ ಆರಂಭಿಸು, ಸಣ್ಣ ವಾಕ್ಯ ಬರೆ ಎಂಬುದು ಅವರ ನಿಯಮ. ಭಾಷಣಕ್ಕೆ ನಿಂತಾಗೆಲ್ಲ ನಾನೂ ಇದನ್ನು ನೆನೆಸಿಕೊಳ್ಳುತ್ತೇನೆ.

ಆ ಪತ್ರಿಕೆ ಕಮ್ಯುನಿಸ್ಟ್ ಪಕ್ಷದ್ದು. ರಷ್ಯದಲ್ಲಿ ಲೈಸೆಂಕೊ ಎಂಬುವನು ವಂಶಗುಣದ ವಿದ್ಯೆಯೇ ಸುಳ್ಳು ಎಂದು ಸಾರಿ, 1948ರಲ್ಲಿ ಸರ್ಕಾರದ ಬಲದಿಂದ ನಿಜವಾದ ಬೀಜವಿಜ್ಞಾನಿಗಳ ಬಾಯಿ ಮುಚ್ಚಿಸಿದ. ಆಗ ಗಟ್ಟಿಯಾಗಿ ಅಲ್ಲವೆನ್ನಬೇಕಾಗಿದ್ದ ಹಾಲ್ಡೇನರು ಪಕ್ಷದ ದಾಕ್ಷಿಣ್ಯಕ್ಕೆ ತಡವರಿಸಿದರು. ಗಾಳಿಗೆ ಹೆದರದ ಮನುಷ್ಯ ಅಲ್ಲಿ ಅಳುಕಿದ್ದು ನನಗೆ ಸರಿಬರುವುದಿಲ್ಲ.

1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೆಯವರ ಜೊತೆ ಭಾರತಕ್ಕೆ ಬಂದರು. ಆಕೆಯೂ ಜೀವವಿಜ್ಞಾನಿ. ಅರವತ್ತು ವರ್ಷ ಕಾಲುಚೀಲ ತೊಟ್ಟಿದ್ದು ಸಾಕಾಯಿತು ಎಂದು ನಗೆಯಾಡುತ್ತ ಪೈಜಾಮ ಜುಬ್ಬ ತೊಟ್ಟರು, ಮಾಂಸ ಬಿಟ್ಟರು, ಭಾರತದ ಪೌರರಾದರು. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಶಿಷ್ಯರಿಗೆ ಅವರು ಹೇಳುತ್ತಿದ್ದದ್ದು, ಬೆಲೆಬಾಳುವ ಯಂತ್ರ ಇಲ್ಲ ಅಂತ ಕೈಕಟ್ಟಿ ಕೂರಬೇಡಿ, ಕಣ್ಣು ಇದೆ, ಎಣಿಸಲು ಬರುತ್ತದೆ ಅಂತ. ಸುಬೋಧ ಕುಮಾರ ರಾಯ್ ಎಂಬ ಶಿಷ್ಯರು ಪಾರಿಜಾತದ ಹೂವಿನ ಎಸಳು ಎಣಿಸಿದರು. ಎರಡು ಭತ್ತದ ತಳಿಗಳನ್ನು ಬೇರೆಬೇರೆ ಬೆಳೆದು, ಜೊತೆಯಾಗಿಯೂ ಬೆಳೆದು ಇಳುವರಿ ತೂಗಿ ನೋಡಿದರು. ಕೆಲವು ತಳಿಗಳು ಜೊತೆಯಲ್ಲಿದ್ದಾಗ ಹೆಚ್ಚು ಕೊಟ್ಟವು. ಅಕ್ಕಡಿ ಸಾಲು ಬಿತ್ತುವ ನಮಗೆ ಇದು ಆಶ್ಚರ್ಯವಲ್ಲ; ತೂಗಿ ಬರೆದಿಟ್ಟುಕೊಳ್ಳುವವರು ಮಾತ್ರ ನಮ್ಮಲ್ಲಿ ಕಡಿಮೆ.

1962ರಲ್ಲಿ ಭುವನೇಶ್ವರಕ್ಕೆ ಹೋದರು. ಮರುವರ್ಷ ಪರದೇಶ ಪ್ರವಾಸದಲ್ಲಿದ್ದಾಗ ಮಲದಲ್ಲಿ ರಕ್ತ ಕಂಡಿತು. ಗುದನಾಳದ ಕ್ಯಾನ್ಸರ್. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲೇ ಒಂದು ಹಾಸ್ಯದ ಪದ್ಯ ಬರೆದರು; 1964ರ ಫೆಬ್ರವರಿಯಲ್ಲಿ ಅದು ಅಚ್ಚಾಯಿತು. ನಾಚಿಕೆಪಟ್ಟು ಮುಚ್ಚಿಡದೆ ಬೇಗ ವೈದ್ಯರಲ್ಲಿಗೆ ಹೋಗಿ ಎಂಬುದೇ ಅದರ ಹುರುಳು. ಸಾಯುವ ರೋಗ ಬಂದವನು ನಕ್ಕನೆಂದು ಕೆಲವರಿಗೆ ಹಿಡಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ರಕ್ತ ಬಿದ್ದರೆ "ಮೂಲವ್ಯಾಧಿ, ಉಷ್ಣಕ್ಕೆ ಹೀಗಾಗಿದೆ" ಅಂತ ಮಜ್ಜಿಗೆ ಕುಡಿದು ವರ್ಷ ಕಳೆಯುವವರು ಎಷ್ಟೋ ಮಂದಿ. ಹೆಂಗಸರಂತೂ ಗಂಡನಿಗೂ ಹೇಳರು. ಬಹಳ ಸಲ ಅದು ಮೂಲವ್ಯಾಧಿಯೇ ಇದ್ದೀತು. ಹೌದೋ ಅಲ್ಲವೋ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಲಿ.

ಹಾಲ್ಡೇನರಿಗೆ ರೋಗ ಮತ್ತೆ ಮರುಕಳಿಸಿತು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಬದುಕಿರುವಾಗ ದೇಹವನ್ನು ಪರೀಕ್ಷೆಗೆ ಒಡ್ಡಿದ್ದರಲ್ಲ, ಸತ್ತ ಮೇಲೂ ಅದು ಪಾಠಕ್ಕೇ ಹೋಗಲೆಂದು ಮೊದಲೇ ಬರೆದಿಟ್ಟಿದ್ದರು. ಅದರಂತೆ ಅವರ ದೇಹವನ್ನು ಆಂಧ್ರದ ಕಾಕಿನಾಡಕ್ಕೆ, ಅಲ್ಲಿನ ರಂಗರಾಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆಂದು ಕಳಿಸಿಕೊಟ್ಟರು.