ಉಪ್ಪಿನ ಹಾದಿ, ಕೊರಳಿನ ಗ್ರಂಥಿ

ರೋಗಗಳ ಚರಿತ್ರೆಯನ್ನು ಬರೆಯುವವರು ವೈದ್ಯರಿಂದಲೂ ಆಸ್ಪತ್ರೆಗಳಿಂದಲೂ ಆರಂಭಿಸುವುದು ರೂಢಿ. ಆದರೆ ಥೈರಾಯ್ಡ್ ಗ್ರಂಥಿಯ ಮಾಂದ್ಯದ ಚರಿತ್ರೆಯನ್ನು ಅಡುಗೆಮನೆಯ ಉಪ್ಪಿನ ಗಡಿಗೆಯಿಂದ ಆರಂಭಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಶ್ವಾಸನಾಳದ ಮುಂಭಾಗದಲ್ಲಿ ಎರಡು ದಳಗಳಾಗಿ ಹರಡಿಕೊಂಡು, ದೇಹದ ಉಷ್ಣವನ್ನೂ ಹೃದಯದ ಗತಿಯನ್ನೂ ಶಿಶುವಿನ ಬುದ್ಧಿಯ ವಿಕಾಸವನ್ನೂ ನಿಯಮಿಸುವ ಈ ಗ್ರಂಥಿಗೆ ಪ್ರತಿದಿನ ಬೇಕಾಗುವ ಅಯೋಡಿನ್ ಕೇವಲ 150 ಮೈಕ್ರೋಗ್ರಾಮ್. ಅಷ್ಟೂ ದೊರೆಯದಿದ್ದಾಗ ಅದು ತನ್ನ ಗಾತ್ರವನ್ನೇ ಹಿಗ್ಗಿಸಿಕೊಂಡು ರಕ್ತದಲ್ಲಿರುವ ಅಲ್ಪಸ್ವಲ್ಪವನ್ನು ಹೀರಲು ಯತ್ನಿಸುತ್ತದೆ, ಆ ಯತ್ನವೂ ವಿಫಲವಾದಾಗ ಇಡೀ ಶರೀರವೇ ನಿಧಾನವಾಗುತ್ತದೆ.

ಹಿಗ್ಗಿದ ಕೊರಳನ್ನು ನಮ್ಮ ಪೂರ್ವಿಕರು ಬಲ್ಲರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡದ ಲಕ್ಷಣಗಳು ವಿವರಿಸಲ್ಪಟ್ಟಿವೆ. ಆದರೆ ಕೊರಳು ಊದದೆಯೇ ಮನುಷ್ಯನು ಕುಗ್ಗುವ ಸ್ಥಿತಿ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯನು ನಡುವಯಸ್ಸಿನ ಸ್ತ್ರೀಯರಲ್ಲಿ ಮುಖ ಉಬ್ಬುವುದನ್ನೂ ಮಾತು ತಡವಾಗುವುದನ್ನೂ ಮನಸ್ಸು ಜಡವಾಗುವುದನ್ನೂ ಒಂದೇ ರೋಗದ ಅಂಗಗಳೆಂದು ಗುರುತಿಸಿದನು. ರಕ್ತಪರೀಕ್ಷೆಯಿಲ್ಲದ ಆ ಕಾಲದಲ್ಲಿ ಅವನಿಗಿದ್ದ ಸಾಧನ ಕಣ್ಣೊಂದೇ. 1891ರಲ್ಲಿ ಜಾರ್ಜ್ ಮರೆ ಎಂಬಾತನು ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಚಿಕಿತ್ಸೆ ಮಾಡಿದ ಮೊದಲ ರೋಗಿಯು, ಚೇತರಿಸಿಕೊಂಡು, ಮುಂದೆ 28 ವರ್ಷ ಬದುಕಿದಳು.

ಈ ವಿದ್ಯೆಯೆಲ್ಲ ದೂರದೇಶದಲ್ಲಿ ಬೆಳೆಯುತ್ತಿದ್ದಾಗ ನಮ್ಮ ಸೀಮೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮನ ರಾಜ್ಯಕ್ಕೆ ಸೇರಿದ್ದವು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಸಮುದ್ರದಿಂದ ದೂರವಾದ ಬಯಲುಸೀಮೆಗೆ ಉಪ್ಪು ಎರಡು ದಾರಿಗಳಿಂದ ಒದಗುತ್ತಿತ್ತು. ಮೊದಲನೆಯದು ಉಪ್ಪಾರರ ಕಸುಬು: ಬೇಸಗೆಯಲ್ಲಿ ಸವುಳು ನೆಲದ ಮೇಲೆ ಬೆಳ್ಳಗೆ ಏಳುವ ಮಣ್ಣನ್ನು ಕೆರೆದು ತಂದು, ತಳದಲ್ಲಿ ಹುಲ್ಲು ಹಾಸಿದ ಗುಂಡಿಗೆ ತುಂಬಿ, ಮೇಲಿನಿಂದ ನೀರೆರೆದು, ಮಣ್ಣಿನಲ್ಲಿ ಇಳಿದು ಸೋಸಿಬಂದ ಉಪ್ಪುನೀರನ್ನು ಪಾತಿಗಳಲ್ಲಿ ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ ಮೇಲೆ ಬಾಚಿ ತೆಗೆಯುವ ಶ್ರಮದ ಕಸುಬು ಅದು. ಎರಡನೆಯದು ಲಂಬಾಣಿಗರ ಎತ್ತಿನ ಹೇರು: ಒಳನಾಡಿನ ಧಾನ್ಯವನ್ನು ಕರಾವಳಿಗೆ ಇಳಿಸಿ, ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನಗದ್ದೆಗಳ ಉಪ್ಪನ್ನು ಹೇರಿಕೊಂಡು ಅವರು ಘಟ್ಟ ಹತ್ತಿಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗುಂತಕಲ್–ಹುಬ್ಬಳ್ಳಿ ರೈಲು ಕೊಪ್ಪಳವನ್ನು ಹಾದುಹೋಗತೊಡಗಿದ ಮೇಲೆ ಎತ್ತಿನ ಹೇರಿಗೆ ಬೆಲೆ ಉಳಿಯಲಿಲ್ಲ. ಲಂಬಾಣಿಗರು ತಾಂಡಾಗಳಲ್ಲಿ ನೆಲೆನಿಂತರು. ಉಪ್ಪಾರರು ಸುಣ್ಣ ಸುಡುವ, ಮನೆ ಕಟ್ಟುವ ಕೆಲಸಗಳಿಗೆ ತಿರುಗಿದರು.

ಸಮುದ್ರದ ಉಪ್ಪಾದ್ದರಿಂದ ಅದರಲ್ಲಿ ಅಯೋಡಿನ್ ಯಥೇಚ್ಛವಾಗಿರಬೇಕೆಂಬ ನಂಬಿಕೆ ಇಂದಿಗೂ ಪ್ರಚಲಿತವಾಗಿದೆ. ವಾಸ್ತವದಲ್ಲಿ ಸಂಸ್ಕರಿಸದ ಕಡಲುಪ್ಪಿನಲ್ಲಿಯೂ ಅದು ಅತ್ಯಲ್ಪವೇ. ಜಿನೀವಾದ ಕ್ವಾಂಡೆ ಎಂಬ ವೈದ್ಯನು 1820ರಲ್ಲಿಯೇ ಗಳಗಂಡಕ್ಕೆ ಅಯೋಡಿನ್ ಕೊಟ್ಟಿದ್ದನಾದರೂ, ಅದನ್ನು ಉಪ್ಪಿಗೆ ಬೆರೆಸಿ ಜನತೆಗೆಲ್ಲ ಹಂಚುವ ಕಾರ್ಯವನ್ನು ಸ್ವಿಟ್ಜರ್ಲೆಂಡ್ ಕೈಗೊಂಡದ್ದು 1922ರಲ್ಲಿ. ನಮ್ಮ ದೇಶದಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗವು ಈ ಉಪಾಯದ ಸಾಫಲ್ಯವನ್ನು ನಿಸ್ಸಂದೇಹವಾಗಿ ತೋರಿಸಿತು; 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು; ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರಬಾರದೆಂಬ ನಿಷೇಧ, ನಡುವೆ ಒಮ್ಮೆ ತೆರವಾಗಿ, 2006ರ ಮೇ ತಿಂಗಳಲ್ಲಿ ದೇಶವ್ಯಾಪಿಯಾಗಿ ಪುನಃ ಜಾರಿಗೆ ಬಂದಿತು.

ಗಳಗಂಡವು ಬೆಟ್ಟದ ನಾಡಿನ ಪೀಡೆ, ಬಯಲಿನವರಿಗೆ ಅದರ ಚಿಂತೆ ಬೇಡ ಎಂದು ಭಾವಿಸುವುದು ಸರಿಯಲ್ಲ. ತುಂಗಭದ್ರೆಗೆ ಅಣೆಕಟ್ಟಾಗಿ 1953ರಲ್ಲಿ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿಯ ಊಟ ಅನ್ನದ ಕಡೆಗೆ ಹೊರಳಿತು; ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳದೊಡನೆ ಸಜ್ಜೆಯೂ ಉಳಿದುಕೊಂಡಿತು. ಈ ಸಜ್ಜೆಯಲ್ಲಿರುವ ಕೆಲವು ದ್ರವ್ಯಗಳು ಥೈರಾಯ್ಡಿನ ಕಾರ್ಯಕ್ಕೆ ಅಡ್ಡಬರುತ್ತವೆಂಬುದನ್ನು ಸುಡಾನಿನ ಸಜ್ಜೆ ಉಣ್ಣುವ ಜನರಲ್ಲಿ ಕಂಡ ಗಳಗಂಡವನ್ನು ಅನುಸರಿಸಿ 1980ರ ದಶಕದಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಇದನ್ನು ಕೇಳಿ ಯಾರೂ ಸಜ್ಜೆರೊಟ್ಟಿಯನ್ನು ಬಿಡಬೇಕಾಗಿಲ್ಲ; ಅಯೋಡಿನ್ ಸಾಕಷ್ಟಿದ್ದ ಕಡೆ ಮಿತವಾದ ಸಜ್ಜೆಯಿಂದ ಭಯವಿಲ್ಲ. ಆದರೆ ಸಜ್ಜೆ ಉಣ್ಣುವ ಮನೆಯು ತನ್ನ ಉಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಹರಳುಪ್ಪನ್ನು ತೊಳೆದು ಒಣಗಿಸಿ ಬಳಸುವ ಹಳೆಯ ಪದ್ಧತಿಯಲ್ಲಿ ಬೆರೆಸಿದ ಅಯೋಡಿನ್ ನೀರಿನೊಡನೆ ಹರಿದುಹೋಗುತ್ತದೆ; ಬಾಯಿ ತೆರೆದ ಡಬ್ಬಿಯಲ್ಲಿ ಅದು ದಿನೇದಿನೇ ಕ್ಷೀಣಿಸುತ್ತದೆ.

ಮನೆಯಲ್ಲಿಯೇ ಪರೀಕ್ಷಿಸುವ ಕ್ರಮಗಳಿಗೂ ತಮ್ಮದೇ ಇತಿಹಾಸವುಂಟು. ಗ್ರಂಥಿಯ ಪ್ರತಿಯೊಂದು ದಳವೂ ಪರೀಕ್ಷಿಸಲ್ಪಡುವವನ ಹೆಬ್ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಾಗಿದ್ದರೆ ಅದು ಗಳಗಂಡ ಎಂಬ ಅಳತೆಯನ್ನು ವೈದ್ಯರು ಸಮೀಕ್ಷೆಗಳಲ್ಲಿ ದಶಕಗಳ ಕಾಲ ಬಳಸಿದರು. ಕನ್ನಡಿಯ ಮುಂದೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಒಂದು ಗುಟುಕು ನೀರು ನುಂಗಿದರೆ, ದೊಡ್ಡದಾದ ಗ್ರಂಥಿಯು ಮೇಲೇರಿ ಇಳಿಯುವುದು ಕಾಣುತ್ತದೆ. ಉಪ್ಪಿನ ಮೇಲೆ ಹನಿಸುವ ಪುಟ್ಟ ಬಾಟಲಿಯ ದ್ರವವೂ ಬಂದಿತು. ಅಯೋಡಿನ್ ಇದ್ದರೆ ಉಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. 1942ರಲ್ಲಿ ಅಮೆರಿಕದ ಬ್ರೋಡಾ ಬಾರ್ನ್ಸ್ ಎಂಬ ವೈದ್ಯನು, ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈಯ ಉಷ್ಣವನ್ನು ನೋಡಿ ರೋಗವನ್ನು ನಿರ್ಣಯಿಸಬಹುದೆಂದು ಪ್ರತಿಪಾದಿಸಿದನು. ಆ ಕ್ರಮ ಬಹುಜನಪ್ರಿಯವಾಯಿತಾದರೂ, ಋತು, ನಿದ್ರೆ, ಸ್ತ್ರೀಯರ ಮಾಸಚಕ್ರ ಇವೆಲ್ಲವೂ ಉಷ್ಣವನ್ನು ಏರಿಳಿಸುವುದರಿಂದ ಅದನ್ನು ನಿರ್ಣಾಯಕವೆಂದು ವೈದ್ಯಶಾಸ್ತ್ರ ಒಪ್ಪಲಿಲ್ಲ. 1960ರ ದಶಕದಲ್ಲಿ ರಕ್ತದಲ್ಲಿನ, ಗ್ರಂಥಿಯನ್ನು ಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಅಳೆಯುವ ವಿಧಾನ ಸಿದ್ಧಿಸಿದ ಮೇಲೆ ಸಂಶಯಕ್ಕೆ ನೇರವಾದ ಉತ್ತರ ದೊರೆಯಿತು. ಬೆರಳ ತುದಿಯ ರಕ್ತದಿಂದ ಮನೆಯಲ್ಲಿಯೇ ನೋಡುವ ಪಟ್ಟಿಗಳೂ ಈಗ ಮಾರಾಟಕ್ಕಿವೆ. ಅವು ಟಿಎಸ್‌ಎಚ್ ಒಂದು ಗೆರೆಯನ್ನು ದಾಟಿದೆಯೆ ಎಂಬುದನ್ನಷ್ಟೇ ಹೇಳಬಲ್ಲವು, ಪ್ರಯೋಗಾಲಯದಲ್ಲಿ ಅದನ್ನು ಖಚಿತಪಡಿಸಿಕೊಳ್ಳದೆ ಮಾತ್ರೆ ಆರಂಭಿಸಲಾಗದು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಅಯೋಡಿನ್ ಉಪ್ಪು ಸಾಕಷ್ಟಿರುವ ಮನೆಗಳಲ್ಲಿ ಇಂದು ಕಾಣುವ ಮಾಂದ್ಯಕ್ಕೆ ಬಹುತೇಕ ಕಾರಣ, 1912ರಲ್ಲಿ ಜಪಾನಿನ ಹಶಿಮೋಟೊ ವರ್ಣಿಸಿದ ರೋಗ; ಅದರಲ್ಲಿ ದೇಹದ ರಕ್ಷಣಾಶಕ್ತಿಯೇ ಗ್ರಂಥಿಯನ್ನು ಕೆಡಿಸುತ್ತದೆ. ಅದನ್ನು ಉಪ್ಪು ತಡೆಯಲಾರದು. ಆದಕಾರಣ ಮನೆಯವರ ಗಮನವೇ ಇಲ್ಲಿ ಮೊದಲ ರಕ್ಷೆ. ಎಲ್ಲರೂ ಸೆಕೆಯೆನ್ನುವಾಗ ಚಳಿಯೆನ್ನುವ, ಊಟ ಹೆಚ್ಚದಿದ್ದರೂ ಮೈ ಬೆಳೆಯುವ, ಕೂದಲು ಉದುರಿ ಧ್ವನಿ ಒಡೆದ ತಾಯಿಯನ್ನು ಮನೆಯವರು ಸೋಮಾರಿಯೆಂದು ದೂಷಿಸಿದ ಅನ್ಯಾಯ ಎಷ್ಟು ತಲೆಮಾರುಗಳದೋ! ಹುಟ್ಟಿದ ಕೂಸು ಅಳದೆ ಸದಾ ಮಲಗಿದ್ದರೆ ‘ಸಂಭಾವಿತ ಕೂಸು’ ಎಂದು ಹಿಗ್ಗುವ ಬಾಣಂತಿಯ ಕೋಣೆಯಲ್ಲಿ, ಅದರ ಕಾಮಾಲೆ ಇಳಿಯದಿದ್ದರೆ, ಮಲ ಕಟ್ಟಿದ್ದರೆ, ಒಂದು ದಿನವನ್ನೂ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು. ಹುಟ್ಟಿದ ಎರಡು ವಾರದೊಳಗೆ ಚಿಕಿತ್ಸೆ ದೊರೆತ ಮಗು ಇತರ ಮಕ್ಕಳಂತೆಯೇ ಬೆಳೆಯುತ್ತದೆ, ತಡವಾದರೆ ಕಳೆದ ಬುದ್ಧಿ ಮರಳದು. ಸಂಶಯವನ್ನು ಎತ್ತುವುದು ಮನೆಯ ಧರ್ಮ, ಅದನ್ನು ಪರಿಹರಿಸುವುದು ರಕ್ತಪರೀಕ್ಷೆಯ ಕೆಲಸ. ಇವೆರಡರ ನಡುವಣ ದಾರಿಯನ್ನು ಈ ಸೀಮೆಯ ಪ್ರತಿಯೊಂದು ಹಳ್ಳಿಗೂ ಹತ್ತಿರವಾಗಿಸುವುದು ನಮ್ಮ ಕಾಲದ ಕರ್ತವ್ಯ.